ಮಂಗಳವಾರದ ಪಳೆಯುಳಿಕೆ

ಆಗೆಲ್ಲ ನಂಜನಗೂಡಿನ ನಮ್ಮ ಹಿತ್ತಲಿಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುತ್ತಿದ್ದದ್ದು ಮಾಗಿದ ರಸಬಾಳೆಯ ವಾಸನೆ. ಬಾವಿಯ ಒಳಗೋಡೆಯಲ್ಲಿ ಜರಿಗಿಡ, ಸುತ್ತ ಪಾಚಿ, ಆಚೆಗೆ ಅಜ್ಜಿಯ ದಾಸವಾಳ. ಇದನ್ನೆಲ್ಲ ನಾನು ಬರೀ ಹಿತ್ತಲು ಅಂದುಕೊಂಡಿದ್ದೆ. ಏಳನೇ ಕ್ಲಾಸಿನಲ್ಲಿ ಸೈನ್ಸ್ ಮಿಸ್ಸು ಅದನ್ನು ಭೂಮಿಯ ಚರಿತ್ರೆ ಮಾಡಿಬಿಟ್ಟರು.

"ಮೊದಲು ಪಾಚಿಯಂಥವು ಬಂದವು. ಆಮೇಲೆ ಜರಿಗಿಡ. ಅದಕ್ಕೆ ಹೂವೂ ಇಲ್ಲ, ಬೀಜವೂ ಇಲ್ಲ. ಹೂ ಬಿಡೋ ಗಿಡ ಬಂದಿದ್ದು ಎಷ್ಟೋ ಕೋಟಿ ವರ್ಷ ಆದ್ಮೇಲೆ. ಕೆಸರಲ್ಲಿ ಹೂತುಹೋದ ಎಲೆಯ ಅಚ್ಚು ಕಲ್ಲಲ್ಲಿ ಉಳಿದಿರುತ್ತಲ್ಲ, ಅದನ್ನ ನೋಡೇ ಗೊತ್ತಾಗಿದ್ದು."

ಮನೆಗೆ ಬಂದವಳೇ ಅಜ್ಜಿಗೆ ಒಪ್ಪಿಸಿದೆ. ಬುಟ್ಟಿ ತುಂಬ ಹೂವು ಬಿಡಿಸಿ ದೇವರಿಗೆ ಏರಿಸದೆ ಕಾಫಿ ಮುಟ್ಟದ ಹೆಂಗಸು ಅವಳು.

"ಹೂವೇ ಇರಲಿಲ್ವಾ? ಮತ್ತೆ ದೇವರಿಗೆ ಏನು ಏರಿಸ್ತಿದ್ರಂತೆ?"

ನಾನು ನೋಟ್ ಬುಕ್ಕು ತೆಗೆದು ಹುಡುಕತೊಡಗಿದೆ.

"ನಿಮ್ಮ ಮಿಸ್ಸಿಗೆ ಯಾರೋ ಹೇಳಿದಾರೆ, ನಂಬಿಬಿಟ್ಟಿದಾಳೆ ಪಾಪ."

ಗುರುವಾರ ತಿ. ನರಸೀಪುರದಲ್ಲಿ ವಿಜ್ಞಾನ ವಸ್ತುಪ್ರದರ್ಶನ. ನಮ್ಮ ಸ್ಕೂಲಿನಿಂದ ಒಂದೇ ಮಾಡೆಲ್ ಹೋಗಬೇಕು. ಪಳೆಯುಳಿಕೆ ಮಾಡಿ ತಂದರೆ ನಿನ್ನದೇ ಎಂದಿದ್ದರು ಮಿಸ್ಸು. ಅಲ್ಲಿಯವರೆಗೆ ನನ್ನನ್ನು ಯಾರೂ ಯಾವುದಕ್ಕೂ ಆರಿಸಿರಲಿಲ್ಲ, ಹಾಗಾಗಿ ಹೋಗಲೇಬೇಕೆಂದು ಹಟ ಹಿಡಿದಿದ್ದೆ. ಮಂಗಳವಾರ ಗಾರೆ ಕೆಲಸದ ಮಾದಣ್ಣ ಬಟ್ಟೆ ಒಗೆಯುವ ಕಟ್ಟೆಗೆ ಸಿಮೆಂಟು ಬಳಿದು ಬೀಡಿ ಸೇದಲು ಹೋದ. ನನಗೆ ಅಷ್ಟು ಸಾಕಾಯಿತು. ಹಸಿ ಸಿಮೆಂಟಿಗೆ ಒಂದು ಜರಿ ಒತ್ತಿದೆ, ಪಕ್ಕದಲ್ಲಿ ರಸಬಾಳೆಯ ಬುಡದಲ್ಲೆದ್ದ ಕಂದಿನ ಎಳೆ ಎಲೆ ಒತ್ತಿದೆ.

"ಏನೇ ಮಾಡ್ತಿದೀಯ ಅಲ್ಲಿ, ಮುಂಡೇದೇ!" ಎಂದು ಓಡಿಬಂದ ಅಜ್ಜಿ, ನನ್ನನ್ನು ಎಳೆಯುವ ಭರದಲ್ಲಿ ತಾನೇ ಕಟ್ಟೆಯ ಮೇಲೆ ಕಾಲಿಟ್ಟಳು.

ಮಾದಣ್ಣ ಬಂದು ಎಲೆ ಎತ್ತಿ ನೋಡಿದ. ನರನರವೂ ಮೂಡಿತ್ತು. ಪಕ್ಕದಲ್ಲಿ ಅಜ್ಜಿಯ ಐದು ಬೆರಳು.

"ಚೆನ್ನಾಗದೆ ಕಣವ್ವ. ಕಟ್ಟೇನ ನರಸೀಪುರ್ಕೆ ಎಂಗೆ ಒತ್ಕೊಂಡೋದೀಯೆ?"

ಅದು ನನಗೆ ಹೊಳೆದೇ ಇರಲಿಲ್ಲ. ನೆಲಕ್ಕೆ ಕುಸಿದು ಗೋಳೋ ಎಂದು ಅತ್ತೆ. ಮಾದಣ್ಣನಿಗೆ ಪಾಪ ಅನ್ನಿಸಿ, ಉಳಿದ ಗಾರೆಯನ್ನೆಲ್ಲ ಒಂದು ಹಳೇ ತಟ್ಟೆಗೆ ಸುರಿದುಕೊಟ್ಟ. ಕೆಳಗೆ ಪಾಚಿ, ನಡುವೆ ಜರಿ, ಮೇಲೆ ದಾಸವಾಳ ಒತ್ತಿದೆ. ಕಟ್ಟೆಯನ್ನು ನಯ ಮಾಡಲು ಗಾರೆ ಮಿಗಲಿಲ್ಲ.

ಗುರುವಾರ ಅಜ್ಜಿಯೂ ಬಸ್ಸು ಹತ್ತಿದಳು. ನನಗೆ ಜೊತೆಯಾಗಲು ಅಂತ ಹೇಳಿದಳು, ನಾನು ನಂಬಲಿಲ್ಲ.

ತೀರ್ಪುಗಾರರು ತಟ್ಟೆ ಎತ್ತಲು ಹೋಗಿ, ಭಾರಕ್ಕೆ ಬೆಚ್ಚಿ, ಅಲ್ಲೇ ಬಿಟ್ಟರು. "ಯಾವ ಕಾಲದ್ದಮ್ಮ ಇದು?"

"ಮಂಗಳವಾರದ್ದು ಸಾರ್."

ಇಡೀ ಸಭಾಂಗಣ ನಕ್ಕಿತು. ನನ್ನ ಕಣ್ಣು ತುಂಬಿತು. ಅಜ್ಜಿ ಸೆರಗು ಸಿಕ್ಕಿಸಿ ಮುಂದೆ ಬಂದಳು.

"ನಗೋದು ಆಮೇಲೆ. ಹೂವಿಲ್ಲದ ಕಾಲದಲ್ಲಿ ದೇವರಿಗೆ ಏನು ಏರಿಸ್ತಿದ್ರು? ಅದು ಹೇಳಿ."

"ಆಗ ಮನುಷ್ಯರೇ ಇರಲಿಲ್ಲ ತಾಯಿ."

ಅಜ್ಜಿ ಯೋಚಿಸಿದಳು. "ಹಾಗಾದ್ರೆ ಸರಿ. ಬೇಡೋರಿಲ್ಲ, ಕಾಡೋರಿಲ್ಲ. ಹಾಯಾಗಿದ್ದ ಅನ್ನಿ ದೇವರು."

ನನಗೆ ಸಮಾಧಾನಕರ ಬಹುಮಾನ ಬಂತು. ಅದು ಅಜ್ಜಿಗೆ ಬಂದದ್ದೆಂದು ನನಗೆ ಇವತ್ತಿಗೂ ಅನುಮಾನ.

ಈಗ ಹಿತ್ತಲಲ್ಲಿ ರಸಬಾಳೆ ಇಲ್ಲ. ರೋಗ ಬಂದು ಸೊರಗಿತು. ಬೀಜವಿಲ್ಲದ ಗಿಡ, ಕಂದೂ ಸತ್ತ ಮೇಲೆ ಮತ್ತೆ ಹುಟ್ಟಲಿಲ್ಲ. ಬಾವಿ ಮುಚ್ಚಿಸಿದೆವು, ಜರಿಯೂ ಹೋಯಿತು. ಅಜ್ಜಿಯೂ ಹೋದಳು. ಅಚ್ಚಿನಲ್ಲಿ ವಾಸನೆ ಉಳಿಯುವುದಿಲ್ಲ, ಅದೊಂದೇ ನನಗೆ ಸಂಕಟ.

ಕಳೆದ ತಿಂಗಳು ವಾಷಿಂಗ್ ಮೆಷಿನ್ನಿಗೆ ಜಾಗ ಬೇಕೆಂದು ಕಟ್ಟೆ ಒಡೆಸಲು ಮಾದಣ್ಣನ ಮಗನನ್ನು ಕರೆಸಿದೆ. ಸುತ್ತಿಗೆ ಎತ್ತಿದವನು ಹಾಗೇ ಬಗ್ಗಿ ನೋಡಿದ.

"ಎಲೆ ಅದೆ, ಪಾದಾನೂ ಅದೆ! ಯಾವ ಕಾಲದ್ದಕ್ಕಾ ಇದು?"

"ಮಂಗಳವಾರದ್ದು ಕಣಪ್ಪ" ಎಂದೆ. "ಸುತ್ತಿಗೆ ಕೆಳಗಿಡು."

ಮೆಷಿನ್ನು ಈಗ ನಡುಮನೆಯಲ್ಲಿ, ದೇವರಮನೆಯ ಪಕ್ಕ ಕೂತಿದೆ.