ಅತ್ತೆಯ ಎಡ ಅಂಗೈ

ಆ ದಿನ ಮಾಡಿದ ಕೆಲಸ ಇಷ್ಟು: ಬೀದಿ ನಲ್ಲಿಯಿಂದ ನೀರು ತುಂಬಿದ್ದು, ಬಾಗಿಲಿಗೆ ರಂಗೋಲಿ ಎಳೆದದ್ದು, ಬಚ್ಚಲಿನ ಒಲೆಗೆ ಮರದ ಹೊಟ್ಟು ಜಡಿದದ್ದು, ರೇಷನ್ ಅಕ್ಕಿಯಲ್ಲಿ ಕಲ್ಲು ಆರಿಸಿದ್ದು, ನನ್ನವರ ಷರಟಿಗೆ ಗುಂಡಿ ಹೊಲಿದದ್ದು, ಅತ್ತೆಯ ಎಡ ಅಂಗೈಗೆ ಕೊಬ್ಬರಿ ಎಣ್ಣೆ ತಿಕ್ಕಿದ್ದು. ಇವುಗಳ ನಡುವೆ, ತಿಂಡಿಗೆ ಮೊದಲು, ಅತ್ತೆಯ ಕೈಯಿಂದ ಲಿಂಗ ಜಾರಿ ಬಿತ್ತು.

ಎಪ್ಪತ್ತರ ದಶಕದ ಮಾತು. ರಾಜಾಜಿನಗರದಲ್ಲಿ ನಮ್ಮದು ಹೆಂಚಿನ ಮನೆ, ಪಕ್ಕಕ್ಕೆ ಬಾಡಿಗೆಗೆ ಕೊಟ್ಟ ಒಂದು ಕೋಣೆ. ಅತ್ತೆ ದಾವಣಗೆರೆ ಕಡೆಯವರು. ಕೊರಳಲ್ಲಿ ಬೆಳ್ಳಿ ಕರಡಿಗೆ, ಅದರೊಳಗೆ ನೇರಳೆ ಹಣ್ಣಿನಷ್ಟು ಕಪ್ಪು ಲಿಂಗ. ಬೆಳಿಗ್ಗೆ ಸಂಜೆ ಅದನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ನೀರೆರೆದು, ವಿಭೂತಿ ಇಟ್ಟು, ಪತ್ರೆ ಏರಿಸಿ, ಕಣ್ಣು ಮುಚ್ಚುತ್ತಿದ್ದರು. ಗಡಿಯಾರದ ಕಡೆ ನೋಡಿದವರಲ್ಲ. ತಣ್ಣೀರಲ್ಲಿ ಮಿಂದ ಲಿಂಗ ಅಂಗೈಯಲ್ಲಿ ಬರಬರುತ್ತಾ ಬೆಚ್ಚಗಾಗುತ್ತದೆ. ಬೆಚ್ಚಗಾಯಿತು ಎಂದು ಕೈಗೆ ತಿಳಿದಾಗ ಅವರ ಪೂಜೆ ಮುಗಿಯುತ್ತಿತ್ತು. ಆಮೇಲೆಯೇ ಮನೆಯಲ್ಲಿ ತಿಂಡಿ.

ಹಿಂದಿನ ಬೇಸಿಗೆಯಲ್ಲಿ ಬಚ್ಚಲಲ್ಲಿ ಕಾಲು ಜಾರಿ, ಬೀಳದಿರಲೆಂದು ಉರಿಯುತ್ತಿದ್ದ ಹೊಟ್ಟಿನ ಒಲೆಯ ತಗಡಿಗೆ ಎಡಗೈ ಊರಿಬಿಟ್ಟರು. ದೊಡ್ಡಾಸ್ಪತ್ರೆಯಲ್ಲಿ ತೊಡೆಯ ಚರ್ಮ ತೆಗೆದು ಅಂಗೈಗೆ ಹಾಕಿದರು. ಚರ್ಮ ಚೆನ್ನಾಗಿಯೇ ಕೂಡಿಕೊಂಡಿತು. ಗೆರೆಯಿಲ್ಲದ, ನುಣ್ಣನೆಯ, ಬೇರೆ ಬಣ್ಣದ ಅಂಗೈ. ಆದರೆ ಅದಕ್ಕೆ ಏನೂ ತಿಳಿಯುತ್ತಿರಲಿಲ್ಲ. ಪೂಜೆ ಎಲ್ಲಿ ನಿಲ್ಲಿಸಬೇಕೋ ಗೊತ್ತಾಗದೆ ಅತ್ತೆ ಕೂತೇ ಇರುತ್ತಿದ್ದರು. ಉಪ್ಪಿಟ್ಟು ಆರಿ ಗಟ್ಟಿಯಾಗುತ್ತಿತ್ತು. ನಾವು ಯಾರೂ ಕರೆಯುತ್ತಿರಲಿಲ್ಲ.

ಪಕ್ಕದ ಕೋಣೆಯಲ್ಲಿದ್ದವಳು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಹುಡುಗಿ. ಅವಳು ಒಳಗೆ ಬಂದರೆ ಅತ್ತೆಯ ಮೊದಲ ಮಾತು ಒಂದೇ: "ಕಪ್ಪಿ ಕೊಯ್ದ ಕೈ ತೊಳ್ಕಂಡಿಯೇನಬೇ, ಟೀಚರಮ್ಮ?"

"ಸೋಪ್ ಹಾಕಿ ತೊಳೆದಿದೀನಿ ಅಜ್ಜಿ. ಬೇಕಾದ್ರೆ ಮೂಸಿ ನೋಡಿ."

"ಮೂಸೋದಕ್ಕೆ ನಾನೇನು ನಿನ್ನ ಕಾಲೇಜಿನ ಬೆಕ್ಕಾ?"

ಅತ್ತೆಯ ಕೈ ಪರೀಕ್ಷಿಸುವ ಉಪಾಯ ಹೇಳಿಕೊಟ್ಟವಳು ಅವಳೇ. ಅತ್ತೆ ಕಣ್ಣು ಮುಚ್ಚಬೇಕು, ನಾನು ತೆಂಗಿನ ಕಡ್ಡಿಯ ತುದಿಯನ್ನು ಅಂಗೈಗೆ ಮೆತ್ತಗೆ ತಾಗಿಸಬೇಕು. ತಿಳಿಯಿತು ಎಂದ ಕಡೆ ಕುಂಕುಮದ ಚುಕ್ಕೆ. ಎಣ್ಣೆ ತಿಕ್ಕುವಾಗೆಲ್ಲ ಹಾಗೆ ಮಾಡುತ್ತಿದ್ದೆ. ಚುಕ್ಕೆಗಳೆಲ್ಲ ಅಂಚಿನಲ್ಲೇ ಸಾಲಾಗಿ ನಿಲ್ಲುತ್ತಿದ್ದವು, ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನ ಹತ್ತಿರ. ಒಳಗೆ ಒಂದೂ ಬರುತ್ತಿರಲಿಲ್ಲ.

ಆ ಬೆಳಿಗ್ಗೆ ನಾನು ಅಡಿಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದೆ. ಟಣ್ ಎಂದು ಸಣ್ಣ ಸದ್ದು. ಹೊರಗೆ ಬಂದರೆ ಲಿಂಗ ನೆಲದ ಮೇಲೆ ಉರುಳಿ ಹೊಸಲಿಗೆ ತಾಗಿ ನಿಂತಿದೆ. ಅತ್ತೆ ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದಾರೆ. ಬರಿಗೈ ಚಾಚಿ, ಮುಖದಲ್ಲಿ ಅದೇ ಭಕ್ತಿ. ಬಿದ್ದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಕಿವಿಯೂ ಸ್ವಲ್ಪ ಮಂದ. ಇನ್ನೊಬ್ಬರ ಲಿಂಗ ಮುಟ್ಟುವ ಹಾಗಿಲ್ಲ, ನಾನು ಎತ್ತಿಕೊಡುವ ಹಾಗಿಲ್ಲ. "ಅತ್ತೆ" ಎಂದು ಕರೆಯಬೇಕಾಯಿತು. ಅವರು ಕಣ್ಣು ತೆರೆದು ಮೊದಲು ನನ್ನನ್ನು ನೋಡಿದರು, ಆಮೇಲೆ ಕೈಯನ್ನು. ಆ ನೋಟ ನನ್ನ ಕಣ್ಣಿನಿಂದ ಇವತ್ತಿಗೂ ಹೋಗಿಲ್ಲ.

ಅವರೇ ತೆವಳಿಕೊಂಡು ಹೋಗಿ ಲಿಂಗ ಎತ್ತಿಕೊಂಡರು. ಮೂಲೆಯಲ್ಲಿ ಚಾಪೆ ಹಾಸಿ ಕೂತರು. ಲಿಂಗ ಮೈಬಿಟ್ಟು ಬಿದ್ದರೆ ಪ್ರಾಣವೇ ಹೋದ ಹಾಗೆ ಅವರಿಗೆ; ಅನ್ನವಿಲ್ಲ, ನೀರಿಲ್ಲ. ನನ್ನವರು ಆಫೀಸಿಗೆ ರಜೆ ಹಾಕಿ, ಮಾಗಡಿ ರಸ್ತೆ ಕಡೆಯಿಂದ ಮಠದ ಅಯ್ಯನವರನ್ನು ಕರೆದುಕೊಂಡು ಬಂದರು. ಅಯ್ಯನವರು ಲಿಂಗವನ್ನು ನೋಡಿ, "ಭಿನ್ನ ಆಗಿಲ್ಲ ತಾಯಿ, ಎಲ್ಲೂ ಬಿರುಕಿಲ್ಲ, ತೊಳೆದು ಧರಿಸ್ಕೊಳ್ಳಿ, ಊಟ ಮಾಡಿ" ಎಂದು ವಿಭೂತಿ ಕೊಟ್ಟು ಹೋದರು.

ಅತ್ತೆ ಕದಲಲಿಲ್ಲ. "ಇವತ್ತಿಂದು ತೊಳದ್ರೆ ಹೋತು. ನಾಳಿಂದು?" ಎಂದರು. ನನ್ನವರು ಹಿತ್ತಿಲಿಗೆ ಹೋಗಿ ಸುಮ್ಮನೆ ಬಕೆಟ್ಟು ತೊಳೆಯುತ್ತ ನಿಂತರು.

ಮಧ್ಯಾಹ್ನ ಕಾಲೇಜು ಮುಗಿಸಿ ಹುಡುಗಿ ಬಂದಳು. ಅತ್ತೆ ಕಪ್ಪೆಯ ಮಾತು ಎತ್ತಲಿಲ್ಲ. ಕೈ ಚಾಚಿ ಕೇಳಿದರು: "ಮುಟ್ಟಿದ್ದು ತಿಳಿಯೋದು ಯಾತ್ರಿಂದ? ಚರ್ಮದಿಂದನೋ, ನರದಿಂದನೋ? ನೀನು ಓದಿದಾಕಿ, ಹೇಳು."

ಹುಡುಗಿ ಚಾಪೆಯ ಅಂಚಿನಲ್ಲಿ ಕೂತಳು. ಚರ್ಮದ ಮೇಲ್ಪದರದ ತಳದಲ್ಲಿ ಸ್ಪರ್ಶದ ಕೋಶಗಳು ಇರುತ್ತವಂತೆ. ಅವಕ್ಕೆ ಕಂಡುಹಿಡಿದವನ ಹೆಸರಿದೆ, ನನ್ನ ನಾಲಿಗೆಗೆ ಅದು ಹತ್ತಲಿಲ್ಲ. ಮುಟ್ಟಿದ್ದನ್ನು ನರಕ್ಕೆ ತಿಳಿಸುವುದು ಅವುಗಳ ಕೆಲಸ. ಮಗು ತಾಯಿಯ ಹೊಟ್ಟೆಯಲ್ಲಿ ಇರುವಾಗಲೇ ಹುಟ್ಟುತ್ತವೆ. ಅಂಗೈ ಅಂಗಾಲುಗಳಲ್ಲಂತೂ ಬಹಳ ಬೇಗ, ಮೊದಲ ಕೆಲವು ತಿಂಗಳಲ್ಲೇ.

"ಹಂಗಾದ್ರೆ," ಎಂದು ಅತ್ತೆ ನೆಟ್ಟಗಾದರು, "ಎಂಟು ತಿಂಗ್ಳಾದಾಗ ನಮ್ಮವ್ವನ ಹೊಟ್ಟಿಗೆ ಅಯ್ಯನೋರು ನನ್ನ ಹೆಸರಿಲೆ ಲಿಂಗ ಕಟ್ಟಿದ್ರು. ಆವಾಗ್ಲೇ ನನ್ನ ಕೈ ತಯಾರಿತ್ತು."

"ತಯಾರಿತ್ತು ಅಜ್ಜಿ."

"ಅವು ಎಲ್ಲಿಂದ ಬರ್ತಾವ, ಅದನ್ನ ಹೇಳು."

ಹುಡುಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅದೇ ಇನ್ನೂ ಇತ್ಯರ್ಥ ಆಗಿಲ್ಲ ಅಜ್ಜಿ. ಭ್ರೂಣದ ಬೆನ್ನುದ್ದಕ್ಕೂ ನರಗಳು ಹುಟ್ಟೋ ಜಾಗ ಇರುತ್ತೆ, ಅಲ್ಲಿಂದ ಹೊರಟು ಚರ್ಮಕ್ಕೆ ಬಂದು ಸೇರ್ಕೊಳ್ತವೆ ಅಂತ ಕೆಲವರು. ಇಲ್ಲ, ಚರ್ಮದ ಕೋಶವೇ ಹಾಗೆ ಬದಲಾಗತ್ತೆ ಅಂತ ಇನ್ನು ಕೆಲವರು. ಇಲಿ ಮರಿಗಳ ಚರ್ಮ ಇಟ್ಕೊಂಡು ನೋಡ್ತಾನೇ ಇದಾರೆ."

ಅತ್ತೆ ಅದನ್ನು ತಮ್ಮ ಲೆಕ್ಕಕ್ಕೆ ಹಚ್ಚಿಕೊಂಡರು. "ನರದ ಕಡೆಯೋವಾದ್ರೆ, ನನ್ನ ಹಳೇ ನರ ಇನ್ನೂ ಕೈಯಾಗೆ ಐತಿ. ಲಿಂಗ ಕಂಡ ನರ. ಇವತ್ತಲ್ಲ ನಾಳೆ ಒಳಗೆ ಬಂದು ಕೂಡ್ಕಂತಾವು. ಚರ್ಮದವೇ ಆದ್ರೆ, ಇದು ತೊಡಿ ಚರ್ಮ. ತೊಡಿಗೆ ಲಿಂಗದ ಪರಿಚಯ ಎಲ್ಲಿಂದ ಇರಬೇಕು?" ನಂತರ ತಗ್ಗಿದ ದನಿಯಲ್ಲಿ, "ಯಾವುದು ಖರೇ, ಹೇಳವ್ವಾ."

"ಗೊತ್ತಿಲ್ಲ ಅಜ್ಜಿ. ನಿಜವಾಗ್ಲೂ ಯಾರಿಗೂ ಗೊತ್ತಿಲ್ಲ. ನರ ಹೊಸ ಚರ್ಮದೊಳಗೆ ಸ್ವಲ್ಪ ಬರಬಹುದು. ನಿಮ್ಮ ವಯಸ್ಸಿಗೆ..." ಎಂದವಳು ಅಲ್ಲಿಗೆ ನಿಲ್ಲಿಸಿದಳು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ನನಗೆ ಆ ಗಳಿಗೆ ಅವಳ ಮೇಲೆ ಸಿಟ್ಟು ಬಂತು.

ಕಡ್ಡಿ ತಂದೆ. ಅತ್ತೆ ಕಣ್ಣು ಮುಚ್ಚಿದರು. "ಈಗ?" "ಇಲ್ಲ." "ಈಗ?" "ಇಲ್ಲವ್ವಾ." ನಡು ಅಂಗೈಯಲ್ಲಿ, ಲಿಂಗ ಕೂರುವ ಜಾಗದಲ್ಲಿ, ಕಡ್ಡಿ ಬಾಗುವಷ್ಟು ಒತ್ತಿದೆ. ನಾನು ಇನ್ನೂ ಮುಟ್ಟಿಲ್ಲವೆಂದುಕೊಂಡು ಅವರು ಕಾಯುತ್ತಾ ಕೂತಿದ್ದರು. ನಾನು ಕಡ್ಡಿ ತೆಗೆದುಬಿಟ್ಟೆ. ಅವರು ಆ ಕೈಯನ್ನು ಕೆನ್ನೆಗೆ ಇಟ್ಟುಕೊಂಡು, "ಕೆನ್ನಿಗೆ ಕೈ ಗೊತ್ತಾಗ್ತತಿ ನೋಡು, ಕೈಗೆ ಕೆನ್ನಿ ಗೊತ್ತಿಲ್ಲ," ಎಂದರು.

ದೀಪ ಹಚ್ಚುವ ಹೊತ್ತಿಗೆ ತಾವಾಗಿಯೇ ಎದ್ದು ಮಿಂದು ಬಂದು ಪೂಜೆಗೆ ಕೂತರು. ನೀರೆರೆದರು, ವಿಭೂತಿ ಇಟ್ಟರು. ಈ ಸಲ ಕಣ್ಣು ಮುಚ್ಚಲಿಲ್ಲ. ರೆಪ್ಪೆ ಬಡಿಯುವುದಕ್ಕೂ ಹೆದರಿದವರ ಹಾಗೆ ಅಂಗೈಯನ್ನೇ ನೋಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ. ಬಹಳ ಹೊತ್ತಾದ ಮೇಲೆ ಬಲಗೈಯಿಂದ ಲಿಂಗ ಎತ್ತಿ, ಒಂದು ಕಣ್ಣಿನ ರೆಪ್ಪೆಗೆ ಒತ್ತಿಕೊಂಡರು. ಹಾಗೇ ಹಿಡಿದರು.

"ಬೆಚ್ಚಗಾಗೇತಿ," ಎಂದರು. ನನಗೆ ಹೇಳಿದ್ದಲ್ಲ ಅದು. "ಕೈ ತನ್ನ ಕೆಲಸ ಮಾಡೇತಿ. ಅದಕ್ಕೆ ಗೊತ್ತಿಲ್ಲ, ಅಷ್ಟೆ." ಆ ಕಣ್ಣಿಂದ ನೀರಿಳಿದು ಲಿಂಗ ಒದ್ದೆಯಾಯಿತು. ಸೆರಗಿನಿಂದ ಒರೆಸಿ ಕರಡಿಗೆಯಲ್ಲಿ ಇಟ್ಟುಕೊಂಡರು.

ಆಮೇಲೆ ಇದ್ದಷ್ಟು ದಿನವೂ ಅವರ ಪೂಜೆ ಮುಗಿಯುತ್ತಿದ್ದದ್ದು ಹೀಗೆಯೇ, ರೆಪ್ಪೆಯನ್ನು ಕೇಳಿ. ಕುಂಕುಮದ ಚುಕ್ಕೆ ಅಂಚು ದಾಟಲಿಲ್ಲ. ನಾನೂ ಕಡ್ಡಿಯನ್ನು ಪೊರಕೆಗೆ ಸೇರಿಸಿಬಿಟ್ಟೆ.

ಅಂದು ರಾತ್ರಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಬೆಳಗಿನ ಉಪ್ಪಿಟ್ಟು ಬಿಸಿ ಮಾಡಿದ್ದು. ಅತ್ತೆ ಅರ್ಧ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿಕೊಂಡು ತಿಂದರು. ಹುಡುಗಿಗೂ ಒಂದು ತಟ್ಟೆ ಕಳಿಸಿದೆ. ತಟ್ಟೆ ತೊಳೆದು ವಾಪಸು ಬಂತು. ಮೊದಲು ಮಲಗಿದವರು ಅತ್ತೆ. ಎಡಗೈ ಚಾಪೆಯಿಂದಾಚೆ ತಣ್ಣನೆ ನೆಲದ ಮೇಲೆ ಮೇಲ್ಮುಖವಾಗಿ ಬಿದ್ದಿತ್ತು. ಎತ್ತಿ ಹೊದಿಕೆಯೊಳಗೆ ಸೇರಿಸಿದೆ. ಅವರಿಗೆ ಎಚ್ಚರವಾಗಲಿಲ್ಲ.