ಬೂದಿ ಮೋಡಕ್ಕೆ ತೆತ್ತ ಮುಡಿ

ಅಗ್ಗದ ಟಿಕೆಟ್ ಹುಡುಕುವವರಿಗೆ ಮೊದಲೇ ಹೇಳಿಬಿಡುತ್ತೇನೆ: ತಂಡದ ಜೊತೆ ಹೋಗುವುದಾದರೆ ತಂಡದ ವಿಮಾನದಲ್ಲೇ ಹೋಗಿ. ಯಾರೂ ಕೇಳದೆ ಸಲಹೆ ಕೊಡುವುದು ನನ್ನ ಚಾಳಿ. ಆದರೆ ಈ ಸಲಹೆಗೆ ನಾನು ತಲೆಗೂದಲು ತೆತ್ತಿದ್ದೇನೆ.

ನಂಜನಗೂಡಿನಲ್ಲಿ ನನ್ನದು ಬಾಳೆಹಣ್ಣಿನ ಮಂಡಿ. ತಲೆಯ ಮೇಲೆ ಗೊನೆ ಹೊತ್ತು ಮಾರಿ ಮೇಲೆ ಬಂದವನು. ಚೌಕಾಸಿ ಮಾಡದೆ ಬೆಂಕಿಪೊಟ್ಟಣವನ್ನೂ ಕೊಂಡವನಲ್ಲ. ಎರಡು ಸಾವಿರದ ಹತ್ತನೇ ಇಸವಿಯ ಬೇಸಿಗೆಯಲ್ಲಿ ನಮ್ಮ ಕಡೆಯ ಬೆಳೆಗಾರರು, ವ್ಯಾಪಾರಿಗಳು ಸೇರಿ ಹಾಲೆಂಡಿನ ಮಾರುಕಟ್ಟೆ ನೋಡಲು ಹೊರಟರು. ಎಲ್ಲರೂ ಸೋಮವಾರದ ಟಿಕೆಟ್ ತೆಗೆಸಿದರು. ನಾನೊಬ್ಬ ಏಜೆಂಟನ ಮುಂದೆ ಅರ್ಧ ದಿನ ಕೂತು ಗುರುವಾರದ್ದನ್ನು ಕಡಿಮೆಗೆ ಗಿಟ್ಟಿಸಿದೆ. ಉಳಿದವರು ಪೆದ್ದರೆಂದು ಊರೆಲ್ಲ ಹೇಳಿಕೊಂಡು ಬಂದೆ.

ಗುರುವಾರ ಬೀದಿಯ ಅರ್ಧ ಜನ ಬಸ್ ಸ್ಟ್ಯಾಂಡಿಗೆ ಬಂದು ಹಾರ ಹಾಕಿದರು. ಅವ್ವ ಹಣೆಗೆ ವಿಭೂತಿ ಹಚ್ಚಿದಳು. ವಿದೇಶದಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ನಾನು, ಪರದೇಶದ ಮುಖವನ್ನೇ ಕಾಣದವನು, ಬಸ್ಸಿನ ಕಿಟಕಿಯಿಂದ ಎಲ್ಲರಿಗೂ ಉಪದೇಶ ಮಾಡಿದೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಗೊತ್ತಾಯಿತು: ಐಸ್‌ಲ್ಯಾಂಡಿನಲ್ಲಿ ಜ್ವಾಲಾಮುಖಿ ಎದ್ದು, ಅದರ ಬೂದಿ ಮೋಡವಾಗಿ ಯೂರೋಪಿನ ಆಕಾಶವನ್ನೇ ಮುಚ್ಚಿದೆ, ವಿಮಾನಗಳೆಲ್ಲ ರದ್ದು.

"ಸ್ವಲ್ಪ ಸುತ್ತು ಹಾಕ್ಕೊಂಡಾದ್ರೂ ಹೋಗಕ್ಕಾಗಲ್ವೇನಮ್ಮ?" ಎಂದು ಕೌಂಟರಿನಾಕೆಯನ್ನು ಕೇಳಿದೆ.

"ಜ್ವಾಲಾಮುಖಿ ಜೊತೆ ಚೌಕಾಸಿ ಮಾಡಿದವರು ನೀವೇ ಮೊದಲು, ಸರ್," ಎಂದಳು.

ಹಾರ ಬಾಡುವ ಮೊದಲೇ ಅದೇ ಬಸ್ ಸ್ಟ್ಯಾಂಡಿನಲ್ಲಿ ಹೇಗೆ ಇಳಿಯಲಿ? ಹೆಂಡತಿಗೆ ಫೋನ್ ಮಾಡಿ, ಕ್ಷೇಮವಾಗಿ ತಲುಪಿದರೆಂದು ಎಲ್ಲರಿಗೂ ಹೇಳಿಬಿಡು ಎಂದೆ. ಸೂಟ್‌ಕೇಸ್ ಎತ್ತಿಕೊಂಡು ಟಿ. ನರಸೀಪುರದ ಅಕ್ಕನ ಮನೆ ಸೇರಿದೆ.

ಅಕ್ಕ ಬಾಗಿಲಲ್ಲೇ ನಿಂತು ನನ್ನ ಹೊಸ ಕೋಟನ್ನು ನೋಡಿದಳು. "ಏನ್ಲಾ, ಆಲೆಂಡು ಇಷ್ಟು ಅತ್ರ ಬಂದ್ಬುಡ್ತಾ?"

ಪುಕ್ಕಟೆ ಊಟ ಹಾಕುವ ಹೆಂಗಸಲ್ಲ ಅವಳು. ಕೋಟು ಬಿಚ್ಚಿಸಿ, ಹಿತ್ತಲಲ್ಲಿ ಕೂರಿಸಿ, ಆ ವರ್ಷದ ಹುಣಸೆಹಣ್ಣನ್ನೆಲ್ಲ ನನ್ನ ಕೈಯಲ್ಲಿ ಬಿಡಿಸಿದಳು. ಯೂರೋಪ್ ಪ್ರವಾಸದ ಮೂರು ದಿನ ನಾನು ಬೀಜ ತೆಗೆಯುತ್ತ ಕಳೆದೆ.

ನಾಲ್ಕನೆಯ ದಿನ ಹೆಂಡತಿಯ ಫೋನು. "ರೀ, ಅತ್ತೆ ಟಿವಿಲಿ ಬೂದಿ ನೋಡ್ದಾಗಿಂದ ಊಟ ಬುಟ್ಟವ್ರೆ. ಮಗ ಅದ್ರೊಳಗೇ ಸಿಕ್ಕಾಕೊಂಡವ್ನೆ ಅಂತಾರೆ. ತಲುಪವ್ರೆ ಅಂತ ಹೇಳ್ದೋಳು ನಾನೇ. ಈಗ ಏನಂತ ಹೇಳ್ಲಿ?"

ನಾನು ಹೋಗಿಲ್ಲವೆಂದು ಹೇಳಿದ್ದರೆ ಅವ್ವ ನೆಮ್ಮದಿಯಾಗಿ ಉಣ್ಣುತ್ತಿದ್ದಳು. ನನ್ನ ಮಾನ ಉಳಿಸಲು ಆ ಎಪ್ಪತ್ತೈದರ ಜೀವ ಉಪವಾಸ ಕೂತಿತ್ತು. ಸಿಕ್ಕಿದ ಬಸ್ಸು ಹತ್ತಿದೆ.

ಮನೆ ಬಾಗಿಲಲ್ಲೇ ಅವ್ವ ನನ್ನ ಹೆಗಲನ್ನು ಎರಡು ಸಲ ಕೊಡವಿದಳು, ಬೂದಿ ಕೂತಿದೆಯೇನೋ ಎಂಬಂತೆ. ಆಮೇಲೆ ತಟ್ಟೆ ಹಾಕಿಸಿಕೊಂಡು ಮುದ್ದೆ ಉಂಡಳು. ಕೈ ತೊಳೆದವಳೇ, "ನಾಳೆ ವತ್ತಾರೆ ಒಳೆತಾವ್ಕೆ ಓಗವ. ನಿನ್ನ ಮುಡಿ ಕೊಡಿಸ್ತೀನಿ ಅಂತ ನಂಜುಂಡಪ್ಪಂಗೆ ಅರಕೆ ಒತ್ತಿವ್ನಿ," ಎಂದಳು.

ಐವತ್ತು ದಾಟಿದರೂ ನನ್ನ ಕೂದಲು ದಟ್ಟವಾಗಿತ್ತು. ಹದಿನೈದು ದಿನಕ್ಕೊಮ್ಮೆ ಬಣ್ಣ ಹಚ್ಚಿ ಸಾಕಿದ್ದೆ. "ಅವ್ವ, ಮೂರು ಎಳೆ ಕತ್ತರಿಸಿ ಕೊಟ್ರೆ ಸಾಲ್ದಾ?"

"ಸಾಲ್ದು."

ಮಾನಕ್ಕಾಗಿ ನಾಲ್ಕು ದಿನ ಬಚ್ಚಿಟ್ಟದ್ದನ್ನು ಕೂದಲಿಗಾಗಿ ಬಿಚ್ಚಿಟ್ಟೆ. "ಅವ್ವ, ನಾನು ಹೋಗೇ ಇರ್ಲಿಲ್ಲ. ಅಕ್ಕನ ಮನೇಲಿದ್ದೆ. ಹೋಗದವನಿಗೆ ಹರಕೆ ಎಲ್ಲಿ ಬಂತು?"

ಅವ್ವ ನನ್ನ ಕೈ ಹಿಡಿದು ಹುಣಸೆಯ ಕಪ್ಪು ಮೆತ್ತಿದ್ದ ಉಗುರುಗಳನ್ನು ನೋಡಿದಳು. ಬೈಯುತ್ತಾಳೆಂದುಕೊಂಡೆ.

"ನೀನು ವಾಪಸ್ ಬರ್ಲಿ ಅಂತ ಕೇಳ್ಕಂಡಿದ್ದೆ ಕಣ್ಲಾ. ಎಲ್ಲಿಂದ ಅಂತ ನಾನೇನು ಏಳಿರ್ನಿಲ್ಲ."

ಇಷ್ಟು ವರ್ಷದ ವ್ಯಾಪಾರದಲ್ಲಿ ಇಂಥ ಗಟ್ಟಿ ಮಾತು ಕೇಳಿರಲಿಲ್ಲ. ಮರುದಿನ ಕಪಿಲಾ ನದಿಯ ಮೆಟ್ಟಿಲ ಮೇಲೆ ತಲೆ ಬಗ್ಗಿಸಿ ಕೂತೆ. ಕ್ಷೌರಿಕ ಕೇಳಿದ ದುಡ್ಡಿಗೆ ಚೌಕಾಸಿಯನ್ನೂ ಮಾಡಲಿಲ್ಲ. ಅವ್ವ ಪಕ್ಕದಲ್ಲೇ ನಿಂತಿದ್ದಳು. ಹಾಲೆಂಡಿನಲ್ಲಿ ಸಿಕ್ಕಿಕೊಂಡಿದ್ದ ಆ ಪೆದ್ದರು ಮುಂದಿನ ವಾರ ಹಿಂತಿರುಗಿದರು, ತಲೆ ತುಂಬ ಕೂದಲಿಟ್ಟುಕೊಂಡು.