ಚೌಕಾಸಿಯಲ್ಲಿ ಕಳೆದುಕೊಂಡ ಮನೆ

ಒಂದು ವಸ್ತು ನನಗೆ ಇಷ್ಟವಾಯಿತೆಂದರೆ ಮೊದಲು ಅದನ್ನು ಬೈಯುತ್ತೇನೆ. ಇದು ಸ್ವಭಾವದ ದೋಷವೋ ಕಸುಬಿನ ದೋಷವೋ ಎಂದು ಈ ವಯಸ್ಸಿನಲ್ಲಿ ಬಿಡಿಸಿ ಹೇಳುವುದು ಕಷ್ಟ. ಬ್ಯಾಡಗಿಯ ಮೆಣಸಿನಕಾಯಿ ಯಾರ್ಡಿನಲ್ಲಿ ಒಬ್ಬ ವರ್ತಕರ ಪರವಾಗಿ ಮಾಲು ನೋಡುವುದು ನನ್ನ ಕೆಲಸ. ಮೂವತ್ತು ವರ್ಷದಿಂದ ಚೀಲಕ್ಕೆ ಕೈ ಹಾಕಿ, ಒಂದು ಕಾಯಿ ಮುರಿದು, ಮೂಸಿ, ಮುಖ ಸಿಂಡರಿಸುತ್ತ ಬಂದಿದ್ದೇನೆ. ಕಾಯಿ ಚೆನ್ನಾಗಿದ್ದಷ್ಟೂ ಮುಖ ಹೆಚ್ಚು ಸಿಂಡರಿಸಬೇಕು. ಈಗ ದರವನ್ನು ಟೆಂಡರಿನಲ್ಲಿ ಹಾಕುತ್ತೇವೆ, ಬಾಯಿಮಾತಿನ ಚೌಕಾಸಿಯ ಕಾಲ ಮುಗಿಯಿತು. ಆದರೂ ಬಾಯಿ ಸುಮ್ಮನಿರುವುದಿಲ್ಲ.

ಈ ಆಟ ರೈತನಿಗೂ ಗೊತ್ತು. ನಾನು ‘ಹಸಿ ಐತಿ’ ಎಂದರೆ ಅವನು ‘ಹಸಿ ಇದ್ರ ಬಿಡ್ರಿ’ ಎಂದು ಬೀಡಿ ಹಚ್ಚುತ್ತಾನೆ. ಅವನ ಮಾಲು ಒಳ್ಳೆಯದೆಂದು ನನಗೆ ಗೊತ್ತು, ನನಗೆ ಗೊತ್ತೆಂದು ಅವನಿಗೂ ಗೊತ್ತು. ಯಾರಿಗೂ ಬೇಜಾರಿಲ್ಲ. ಸಂಜೆ ಇಬ್ಬರೂ ಒಂದೇ ಅಂಗಡಿಯಲ್ಲಿ ಮಿರ್ಚಿ ಮಂಡಕ್ಕಿ ತಿನ್ನುತ್ತೇವೆ.

ಹೆಣ್ಣು ನೋಡಲು ರಾಣೆಬೆನ್ನೂರಿಗೆ ಹೋದಾಗಲೂ ನಾನು ಇದನ್ನೇ ಮಾಡಿದೆ. ಹುಡುಗಿ ಮನಸ್ಸಿಗೆ ಬಂದಿದ್ದಳು. ಅದಕ್ಕೇ ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಗಿದೆ ಎಂದೆ. ಪುಣ್ಯಕ್ಕೆ ನಮ್ಮ ಮಾವನವರೂ ದಲಾಲಿ ಅಂಗಡಿ ಇಟ್ಟವರು. ಹುಡುಗ ಒಪ್ಪಿದ್ದಾನೆ ಎಂದು ಅವರಿಗೆ ತಕ್ಷಣ ತಿಳಿಯಿತು, ಎದ್ದು ಒಳಗೆ ಹೋಗಿ ಸಕ್ಕರೆ ತಂದರು. ನನ್ನ ಹೆಂಡತಿ ಗಿರಿಜಾ ಈಗಲೂ ಉಪ್ಪಿಟ್ಟು ಮಾಡಿದ ದಿನ ಈ ಕತೆ ಹೇಳುತ್ತಾಳೆ, ಮೊದಲೆಲ್ಲ ನಗುತ್ತ ಹೇಳುತ್ತಿದ್ದಳು. ಎದುರಿನವರು ಯಾವಾಗಲೂ ನಮ್ಮ ಮಾವನಂಥವರೇ ಇರುತ್ತಾರೆ ಎಂದು ನಂಬಿದ್ದೇ ನನ್ನ ತಪ್ಪು. ಅದಕ್ಕೆ ಬೆಲೆ ಕೊಟ್ಟದ್ದು ನಾನೊಬ್ಬನೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಬ್ಯಾಡಗಿಯಲ್ಲಿ ನಾವು ಇಪ್ಪತ್ತೆರಡು ವರ್ಷ ಬಾಡಿಗೆಗಿದ್ದ ಮನೆ ಪಾರ್ವತೆವ್ವ ಎಂಬವರದು. ಮುಂದಿನ ಅರ್ಧದಲ್ಲಿ ಅವರು, ಹಿಂದಿನ ಅರ್ಧದಲ್ಲಿ ನಾವು. ಅವರ ಯಜಮಾನರು ಚನ್ನಪ್ಪ, ಗೌಂಡಿ ಕೆಲಸದವರು. ವಾರವೆಲ್ಲ ಊರಿನವರ ಮನೆ ಕಟ್ಟಿ, ವಾರಕ್ಕೊಮ್ಮೆ ಸಿಗುವ ಸೂಟಿಯಲ್ಲಿ ತಮ್ಮ ಮನೆ ಕಟ್ಟಿದವರು. ಹೀಗೆ ಆರು ವರ್ಷ ಕಟ್ಟಿದರಂತೆ. ಗಂಡ ಕಲ್ಲು ಕೂಡಿಸಿದರೆ ಹೆಂಡತಿ ಸುಣ್ಣದ ಗಾರೆ ಕಲಸಿ ಕೊಟ್ಟಿದ್ದರು. ನಾವು ಆ ಮನೆಗೆ ಹೋಗುವ ಹೊತ್ತಿಗೆ ಚನ್ನಪ್ಪ ತೀರಿಕೊಂಡು ವರ್ಷವಾಗಿತ್ತು, ಅವರನ್ನು ನಾನು ಕಂಡದ್ದು ಪಡಸಾಲೆಯ ಫೋಟೋದಲ್ಲಿ ಮಾತ್ರ. ಗೋಡೆ ಎಂಥದೆಂದರೆ, ಕ್ಯಾಲೆಂಡರು ತೂಗುಹಾಕಲು ಗಿರಿಜಾ ಮೊಳೆ ಹೊಡೆಯಹೋದರೆ ಮೊಳೆ ಬಾಗುತ್ತಿತ್ತು, ಗೋಡೆ ಬಿಡುತ್ತಿರಲಿಲ್ಲ. ಕೊನೆಗೆ ಬಾಗಿಲ ಚೌಕಟ್ಟಿಗೇ ಮೊಳೆ ಹೊಡೆದು, ಇಪ್ಪತ್ತೆರಡು ಕ್ಯಾಲೆಂಡರುಗಳನ್ನು ಅಲ್ಲೇ ಬದಲಿಸಿದೆವು.

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಪಾರ್ವತೆವ್ವ ನಮ್ಮಿಬ್ಬರನ್ನೂ ಕರೆದು ಕೂರಿಸಿದರು. ಅವರಿಗೆ ಮಕ್ಕಳಿಲ್ಲ. ಮೇಡ್ಲೇರಿಯಲ್ಲಿ ತಂಗಿ ಇದ್ದಾಳೆ, ಹೊಳೆ ದಂಡೆಯ ಊರು, ಕೊನೆಗಾಲಕ್ಕೆ ಅಕ್ಕತಂಗಿ ಕೂಡಿ ಇರುತ್ತೇವೆ, ಮನೆ ಮಾರುತ್ತೇನೆ ಎಂದರು. ಹೊರಗಿನವರಿಗೆ ಹೇಳುವ ಮೊದಲು ನಿಮಗೆ ಹೇಳಿದ್ದೇನೆ ಎಂದು ಹದಿನೆಂಟು ಲಕ್ಷ ಕೇಳಿದರು. ಆ ಓಣಿಯಲ್ಲಿ ಅದು ಕಡಿಮೆ ದರ. ಬ್ಯಾಂಕಿನ ಸಾಲವೂ ಗಿರಿಜಾಳ ತವರಿನ ನಾಲ್ಕು ತೊಲೆ ಬಂಗಾರವೂ ಕೂಡಿದರೆ ನಮ್ಮ ಕೈಗೆಟುಕುವ ದರ. ಗಿರಿಜಾ ನನ್ನ ಮುಖ ನೋಡಿದಳು. ಹೂಂ ಎನ್ನಲು ಎಷ್ಟು ಹೊತ್ತು ಬೇಕು ಹೇಳಿ. ನಾನು ಎದ್ದು ಹೋಗಿ ಗೋಡೆಗೆ ಅಂಗೈ ಇಟ್ಟೆ.

‘ಗೋಡಿ ಹಸಿ ಹಿಡದೈತಲ್ರಿ ಅವ್ವಾರ,’ ಎಂದೆ.

ಹಿಡಿದಿರಲಿಲ್ಲ. ಕೈಗೆ ತಂಪಾಗಿತ್ತು ಅಷ್ಟೇ, ಕಲ್ಲಿನ ಗೋಡೆ ತಂಪಾಗಿಯೇ ಇರುತ್ತದೆ. ಆದರೆ ಒಂದು ಸಲ ಬಾಯಿ ತೆರೆದರೆ ಯಾರ್ಡಿನ ಬಾಯಿ ಮುಚ್ಚುವುದಿಲ್ಲ. ಅಡುಗೆಮನೆ ಕತ್ತಲೆ ಎಂದೆ. ಮಾಳಿಗೆಯ ಜಂತಿಗಳಿಗೆ ಗೆದ್ದಲು ತಾಗಿರಬೇಕು ಎಂದೆ. ಒಂದು ಮೂಲೆ ವಾರೆ ಇದೆ ಎಂದೆ. ಗಿರಿಜಾ ನನ್ನ ಕಾಲು ತುಳಿದಳು, ಅದನ್ನು ಇನ್ನಷ್ಟು ಜಗ್ಗಿ ಎಂಬ ಸನ್ನೆ ಎಂದುಕೊಂಡೆ. ಪಾರ್ವತೆವ್ವ ಏನೂ ಅನ್ನದೆ ಕೇಳಿದರು. ಸುಮ್ಮನಿದ್ದಾರೆಂದರೆ ದರ ಇಳಿಯುತ್ತಿದೆ ಎಂದು ನನ್ನ ಲೆಕ್ಕ. ಆ ವಾರ ಇನ್ನೆರಡು ಸಲ ಹೋಗಿ, ಕೂತು, ಚಹಾ ಕುಡಿದು, ಅದೇ ಗೋಡೆಯನ್ನು ಬೈದು ಬಂದೆ.

ಎಂಟು ದಿನದ ಮೇಲೆ ಅವರೇ ನಮ್ಮ ಕಡೆಗೆ ಬಂದರು. ನನ್ನ ಮನಸ್ಸಿನಲ್ಲಿ ಹದಿನಾರಕ್ಕೆ ಮುಗಿಸುವ ಸಿದ್ಧತೆ ಆಗಿತ್ತು.

‘ಇಂಥಾ ಮನಿ ನಿನ್ನ ಕೊರಳಿಗೆ ಕಟ್ಟೂದಿಲ್ಲ ತಮ್ಮಾ,’ ಎಂದರು. ‘ಇಷ್ಟ ವರ್ಷ ಹಸಿ ಗೋಡಿಯೊಳಗ ಬಾಯಿ ಮುಚ್ಚಿಕೊಂಡು ಬಾಳೇವು ಮಾಡೀರಿ, ಅದಽ ದೊಡ್ಡದು. ಬ್ಯಾರೇದವರಿಗೆ ಕೊಟ್ಟೇನಿ. ಅವರು ಕೆಡವಿ ಕಟ್ಟೋರು. ಅವರಿಗೆ ಗೋಡಿ ಹೆಂಗಿದ್ರೇನು.’

ಹಿಂದಿನ ದಿನವೇ ಸಂಚಕಾರದ ದುಡ್ಡು ತೆಗೆದುಕೊಂಡಿದ್ದರು. ಮುಂಗಡ ಹಿಡಿದ ಮೇಲೆ ಮಾತು ತಿರುಗಿಸುವ ಹೆಂಗಸಲ್ಲ ಅವರು. ಗೋಡೆ ಗಟ್ಟಿಯಾಗಿದೆ, ದರ ಇಳಿಸಲು ಹಾಗೆಂದೆ ಎಂದು ಅಲ್ಲೇ ಹೇಳಬಹುದಿತ್ತು, ಮನೆ ಸಿಗದಿದ್ದರೂ ಹೇಳಬೇಕಿತ್ತು. ಹಾಗೆ ಹೇಳಬೇಕಾದರೆ, ಮೂರು ಸಲ ನಿಮ್ಮ ಚಹಾ ಕುಡಿದು ನಿಮಗೆ ಸುಳ್ಳು ಹೇಳಿದೆ ಎಂದು ಹೇಳಬೇಕಾಗುತ್ತಿತ್ತು. ನಾಚಿಕೆಯಾಯಿತು. ಅವರು ಹೋದ ಮೇಲೆ ಗಿರಿಜಾ, ‘ಅದು ಮೆಣಸಿನಕಾಯಿ ಚೀಲ ಅಲ್ಲರಿ,’ ಎಂದಳು. ಅಷ್ಟೇ ಅಂದಳು. ಅವಳು ಇನ್ನಷ್ಟು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಪಾರ್ವತೆವ್ವ ಮೇಡ್ಲೇರಿಗೆ ಹೋದರು. ನಾವು ಹಾವೇರಿಯಲ್ಲಿ ಅಗಡಿಯ ಕಡೆಯ ಒಂದು ಮಾಳಿಗೆ ಮನೆಗೆ ಬಾಡಿಗೆಗೆ ಬಂದೆವು. ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಭಾನುವಾರಗಳ ಅಲೆದಾಟ. ಈ ಮೂರು ವರ್ಷದಲ್ಲಿ ನಾವು ನೋಡಿದ ನಿವೇಶನಗಳನ್ನೆಲ್ಲ ಕೂಡಿಸಿದರೆ ಒಂದು ಊರಾದೀತು. ಎಲ್ಲ ಲೇಔಟಿಗೂ ಒಂದು ಕಮಾನು ಇರುತ್ತದೆ, ಕಮಾನಿನಾಚೆ ರಸ್ತೆ ಇರುವುದಿಲ್ಲ. ಹಾವೇರಿಯಲ್ಲಿ ಒಬ್ಬ ಏಜೆಂಟ್ ‘ಇದು ನಿಮ್ಮ ಹಾಲ್’ ಎಂದು ತೋರಿಸಿದ ಜಾಗದಲ್ಲಿ ಹತ್ತಿಗಿಡದ ಕಟ್ಟಿಗೆ ಇನ್ನೂ ನಿಂತಿತ್ತು. ರಾಣೆಬೆನ್ನೂರಿನಲ್ಲಿ ಕಟ್ಟಿದ ಮನೆಯೊಂದು ಹಿಡಿಸಿತು. ಸೋಮವಾರ ಹೇಳುತ್ತೇವೆ ಎಂದು ಬಂದೆವು, ಸೋಮವಾರ ಕೇಳಿದರೆ ಅದು ಭಾನುವಾರದ ರೇಟು ಎಂದರು.

ಮೆಣಸಿನಕಾಯಿಗೆ ಆವಕ ಎಂಬುದೊಂದಿದೆ. ಚಳಿ ಮುಗಿದು ಬಿಸಿಲು ಏರುವಾಗ ಯಾರ್ಡಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಚೀಲ ಬಂದು ಬೀಳುತ್ತದೆ, ದರ ತಗ್ಗುತ್ತದೆ. ಕಾಯುವುದಕ್ಕೊಂದು ಅರ್ಥವಿದೆ. ಭೂಮಿಗೆ ಆವಕವಿಲ್ಲ. ಬೈಪಾಸ್ ಬರುತ್ತದಂತೆ ಎಂದರೆ ದರ ಏರುತ್ತದೆ, ಬರುವುದಿಲ್ಲವಂತೆ ಎಂದರೆ ಗದ್ದಲವಿಲ್ಲದ ಜಾಗ ಎಂದು ಏರುತ್ತದೆ. ಈ ನಡುವೆ ಮೆಣಸಿನಕಾಯಿ ದರ ಕುಸಿಯಿತು. ಈಗಲಾದರೂ ಕೊಳ್ಳುವವರಿಲ್ಲದೆ ಭೂಮಿ ಇಳಿದೀತು ಎಂದು ಕಾದೆ. ಕೊಳ್ಳುವವರೂ ಇರಲಿಲ್ಲ, ಇಳಿಯಲೂ ಇಲ್ಲ. ಮಾರುವವರು ತಾವು ಹೇಳಿದ ದರಕ್ಕೆ ಕಾವಲು ಕೂತಿದ್ದರು. ಮುಂದಿನ ವರ್ಷ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ನನಗೆ ಗೊತ್ತಿರುವುದು ಒಂದೇ: ನನ್ನ ವಯಸ್ಸಿಗೆ ಬ್ಯಾಂಕಿನವರು ಸಾಲ ಕೊಡುವ ವರ್ಷಗಳು ಮುಗಿಯುತ್ತ ಬಂದಿವೆ. ಹೋದ ತಿಂಗಳು ಮ್ಯಾನೇಜರು ನನ್ನ ಹುಟ್ಟಿದ ತಾರೀಖನ್ನು ಎರಡು ಸಲ ಕೇಳಿ, ಪಾಪ, ಚಹಾ ತರಿಸಿದರು.

ನಮ್ಮ ಸೀಮೆಯಲ್ಲಿ ಶಾಸನದ ಕಲ್ಲುಗಳಿಗೆ ಬರವಿಲ್ಲ. ಒಂದು ಲೇಔಟಿನ ಮಗ್ಗುಲಲ್ಲೇ ಮಣ್ಣಿನಲ್ಲಿ ಅರ್ಧ ಹೂತುಹೋದ ಕಲ್ಲೊಂದನ್ನು ಕಂಡೆ. ಅದನ್ನು ಓದಲು ನನಗೆ ಬರುವುದಿಲ್ಲ, ಬಲ್ಲ ಮಾಸ್ತರೊಬ್ಬರು ಇಂಥ ಕಲ್ಲುಗಳಲ್ಲಿ ಏನಿರುತ್ತದೆ ಎಂದು ಹೇಳಿದ್ದರು. ಭೂಮಿ ಕೊಟ್ಟವರ ಹೆಸರು, ಪಡೆದವರ ಹೆಸರು, ನಾಲ್ಕು ದಿಕ್ಕಿನ ಗಡಿ, ಕಟ್ಟಕಡೆಗೆ ಈ ಭೂಮಿ ಕಿತ್ತುಕೊಂಡವನು ಹುಳುವಾಗಿ ಹುಟ್ಟಲಿ ಎಂಬ ಶಾಪ. ಒಳ್ಳೆಯದನ್ನು ಕೆಟ್ಟದ್ದು ಎಂದವನಿಗೆ ಏನು ಶಾಪವಿದೆ ಎಂದು ಕೇಳಿದೆ. ಅಂಥವರ ಹೆಸರು ಬರೆಯಲು ಕಲ್ಲಿನಲ್ಲಿ ಜಾಗ ಸಾಲುತ್ತಿರಲಿಲ್ಲ ಎಂದು ಮಾಸ್ತರರು ನಕ್ಕರು.

ಈ ವರ್ಷ ಬೇಸಿಗೆಯಲ್ಲಿ ಪಾರ್ವತೆವ್ವನ ಆ ಮನೆಯನ್ನು ಕೊಂಡವರು ಕೆಡವಿದರು. ಯಾರ್ಡಿಗೆ ಹೋಗುವ ದಾರಿಯಲ್ಲೇ ಇದ್ದದ್ದರಿಂದ ಕಣ್ಣು ತಪ್ಪಿಸಲು ಆಗಲಿಲ್ಲ. ಜೆಸಿಬಿ ಬಂದಿತ್ತು. ನಮ್ಮ ಭಾಗದ ಮಾಳಿಗೆ ಬೇಗ ಕುಸಿಯಿತು, ಜಂತಿಗಳು ಹೊರಗೆ ಬಿದ್ದವು, ಒಂದಕ್ಕೂ ಗೆದ್ದಲಿರಲಿಲ್ಲ. ಹಿಂದಿನ ಗೋಡೆ ಮಾತ್ರ ಅಲುಗಲಿಲ್ಲ. ಬಕೆಟ್ಟಿನ ಒಂದು ಹಲ್ಲು ಮುರಿದು, ಡ್ರೈವರ್ ಕೆಳಗಿಳಿದು, ಇದನ್ನು ಕಟ್ಟಿದ ಗೌಂಡಿಗೆ ಬೈಯುತ್ತ ನೀರು ಕುಡಿದ. ಅಂಥ ಹೊಗಳಿಕೆ ನಾನು ಯಾರಿಂದಲೂ ಕೇಳಿಲ್ಲ. ಒಂದೂವರೆ ದಿನಕ್ಕೆ ಎಲ್ಲ ಮುಗಿಯಿತು. ಗಾರೆಯ ಒಂದು ಹೆಂಟೆ ಎತ್ತಿಕೊಂಡು, ಕೈ ರೂಢಿಯಂತೆ ಮುರಿಯಲು ನೋಡಿದೆ. ಮುರಿಯಲಿಲ್ಲ. ಕಲ್ಲಿಗೆ ಕುಟ್ಟಿ ಒಡೆದೆ. ಒಳಗೆ ಒಣಗಿ ಗಟ್ಟಿಯಾಗಿ ಬಿಳುಪಾಗಿತ್ತು, ಹಸಿಯ ಹೆಸರಿರಲಿಲ್ಲ. ಒಂದು ಚೂರನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮನೆಗೆ ತಂದೆ. ಗಿರಿಜಾ ಅದನ್ನು ನೋಡಿ, ಹೋಗಿ ಹೇಳಿ ಬನ್ನಿ ಎಂದಳು. ಯಾರಿಗೆ ಎಂದು ನಾನು ಕೇಳಲಿಲ್ಲ.

ಮೇಡ್ಲೇರಿಯಲ್ಲಿ ಪಾರ್ವತೆವ್ವ ಹಾಸಿಗೆ ಹಿಡಿದಿದ್ದರು. ಅವರ ತಂಗಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ಮನೆಯ ಸುದ್ದಿ ಮಾತ್ರ ತೆಗೆಯಬೇಡಿ, ಅಕ್ಕ ಅಳುತ್ತಾಳೆ ಎಂದರು. ಯಾಕೆ ಎಂದೆ.

‘ನಮ್ಮವರು ಊರಿಗೆಲ್ಲಾ ಚಲೋ ಮನಿ ಕಟ್ಟಿ, ನಮಗೊಂದು ಹಸಿ ಮನಿ ಕಟ್ಟಿ ಹೋದ್ರು ಅಂತಾಳ್ರಿ,’ ಎಂದರು ತಂಗಿ. ‘ನಾ ಕಲಸಿಕೊಟ್ಟ ಗಾರಿನಽ ಕೆಟ್ಟಿರಬೇಕು ಅಂತ ತನ್ನಽ ಬೈಕೋತಾಳ.’

ನನಗೆ ಅಲ್ಲಿಂದಲೇ ಹಿಂದಿರುಗಿ ಬಸ್ಸು ಹತ್ತಬೇಕು ಎನಿಸಿತು. ಎರಡು ಲಕ್ಷ ಉಳಿಸಲು ಆಡಿದ ಮಾತು ಮೂರು ವರ್ಷ ಆ ಹಾಸಿಗೆಯ ಪಕ್ಕದಲ್ಲಿ ಕೂತಿತ್ತು. ನಾನು ಕಳೆದುಕೊಂಡದ್ದು ಮನೆ ಮಾತ್ರ. ಅವರಿಂದ ನಾನು ಕಿತ್ತುಕೊಂಡದ್ದು ಗಂಡ ಕಟ್ಟಿದ ಮನೆಯ ಮೇಲಿನ ಅಭಿಮಾನವನ್ನು, ಅದನ್ನು ಯಾವ ಲೇಔಟಿನಲ್ಲಿ ಕೊಂಡು ಕೊಡಲಿ?

ಒಳಗೆ ಹೋಗಿ ಹಾಸಿಗೆಯ ಬಳಿ ಕೂತೆ. ಅವರು ಗುರುತು ಹಿಡಿದರು, ಗಿರಿಜಾ ಹೇಗಿದ್ದಾಳೆ ಎಂದರು, ಮನೆ ಕೊಂಡಿರೇನು ಎಂದರು. ಇಲ್ಲ ಎಂದೆ. ಕರವಸ್ತ್ರ ಬಿಚ್ಚಿ ಗಾರೆಯ ಚೂರನ್ನು ಅವರ ಅಂಗೈಯಲ್ಲಿಟ್ಟೆ.

‘ಅವ್ವಾರ, ಗೋಡಿ ಹಸಿ ಇರಲಿಲ್ಲರಿ. ರೇಟ್ ಇಳಸಾಕ ಹಂಗಂದಿದ್ದೆ. ಮೂರೂ ಸಲ ಸುಳ್ಳು ಹೇಳೇನಿ.’

ಅವರು ಚೂರನ್ನು ಹೆಬ್ಬೆರಳಿನಿಂದ ಉಜ್ಜಿದರು, ಉಗುರಿನಿಂದ ಕೆರೆದು ನೋಡಿದರು. ನಾನು ಮೆಣಸಿನಕಾಯಿ ನೋಡುವುದಕ್ಕಿಂತ ನಿಧಾನವಾಗಿ ನೋಡಿದರು. ಬೈಯುತ್ತಾರೆ ಎಂದು ತಲೆ ತಗ್ಗಿಸಿ ಕಾದೆ.

‘ಇಷ್ಟ ಹೇಳಾಕ ಮೂರ ವರ್ಷ ಬೇಕಾತೇನು ತಮ್ಮಾ,’ ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಕ್ಷಮೆ ಕೇಳಬಹುದಿತ್ತು. ಆಮೇಲೆ ಚೂರನ್ನು ದಿಂಬಿನ ಪಕ್ಕಕ್ಕಿಟ್ಟು, ಮನೆ ಕೆಡವಲು ಎಷ್ಟು ದಿನ ಹಿಡಿಯಿತು ಎಂದು ಕೇಳಿದರು.

ಒಂದೂವರೆ ದಿನ ಎಂದು ಬಾಯಿಗೆ ಬಂದಿತ್ತು. ‘ನಾಕ ದಿನರಿ,’ ಎಂದೆ. ಜೆಸಿಬಿಯ ಹಲ್ಲು ಮುರಿದದ್ದನ್ನು, ಡ್ರೈವರ್ ಬೈದದ್ದನ್ನು ಹೇಳಿದೆ. ಅವರ ಮುಖ ಬಿಚ್ಚಿಕೊಂಡಿತು. ಹಲ್ಲಿನ ಸಂಗತಿಯನ್ನು ಇನ್ನೊಮ್ಮೆ ಹೇಳಿಸಿದರು, ತಂಗಿಯನ್ನೂ ಕರೆದು ಕೇಳಿಸಿದರು. ಆಮೇಲೆ ಏನೋ ಲೆಕ್ಕ ಹಾಕಿದವರಂತೆ ತಲೆ ಅಲ್ಲಾಡಿಸಿದರು.

‘ನಾಕ ದಿನಕ್ಕ ಹೆಂಗ ಬಿದ್ದೀತು? ಹಿಂದಿನ ಗೋಡಿ ಎರಡು ಮೊಳ ದಪ್ಪ ಕಟ್ಯಾರ ನಮ್ಮವರು. ಎಂಟ ದಿನರ ಹಿಡದಿರತೈತಿ.’

ಎಂಟೇ ಇರಬೇಕು ಅವ್ವಾರ, ನಾನು ಎಣಿಸಿದ್ದು ತಪ್ಪಿರಬೇಕು ಎಂದೆ. ಎದುರಿನವರು ಹೇಳಿದ ರೇಟಿಗೆ ಮರುಮಾತಿಲ್ಲದೆ ಒಪ್ಪಿಕೊಂಡದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.